ಓದುಗರ ಪ್ರಶ್ನೆ: ವೈದ್ಯಕೀಯದ ಜೊತೆಗೆ ಸಾರ್ವಜನಿಕ ಆರೋಗ್ಯ

ಪ್ರಶ್ನೆ: ಎಂ.ಬಿ.ಬಿ.ಎಸ್. ಮೂರನೆಯ ವರ್ಷದಲ್ಲಿರುವ ನನ್ನ ಮಗಳಿಗೆ, ಅಮೆರಿಕದಲ್ಲಿರುವಂತೆ, ಸಾರ್ವಜನಿಕ ಆರೋಗ್ಯದ ಪದವಿಯನ್ನೂ ಜೊತೆಯಲ್ಲೇ ಪಡೆಯುವ ಆಸೆ. ಮಾರ್ಗ ತಿಳಿಸುವಿರಾ?
– ಒಬ್ಬ ತಾಯಿ, ವಿರಾಜಪೇಟೆ

ಉತ್ತರ: ಅಮೆರಿಕದ ಅನೇಕ ವೈದ್ಯಕೀಯ ಕಾಲೇಜುಗಳಲ್ಲಿ 4 ವರ್ಷದ ಎಂ.ಡಿ.ಗೆ ಸಾಮಾನ್ಯವಾಗಿ ಇನ್ನೊಂದು ವರ್ಷ ಸೇರಿಸಿ ಎಂ.ಪಿ.ಎಚ್. (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ) ಪದವಿಯನ್ನೂ ಪಡೆಯಬಹುದು, ಆದರೆ ಅಲ್ಲಿನ ಎಂ.ಡಿ. ವೈದ್ಯರಾಗುವ ಮೊದಲ ಪದವಿಯೇ ಆಗಿರುವುದರಿಂದ, ಅರ್ಧ ದಾರಿ ಸವೆಸಿರುವ ನಿಮ್ಮ ಮಗಳು ಅದನ್ನು ಮೊದಲಿನಿಂದ ಓದುವುದರಲ್ಲಿ ಅರ್ಥವಿಲ್ಲ. ನಮ್ಮಲ್ಲಿ ನಾಲ್ಕೂವರೆ ವರ್ಷದ ಓದು ಮತ್ತು ಒಂದು ವರ್ಷದ ಇಂಟರ್ನ್‌ಶಿಪ್ ಮುಗಿದ ಬಳಿಕ, ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್-ಪಿ.ಜಿ. ಬರೆದು, ಸಾರ್ವಜನಿಕ ಆರೋಗ್ಯವನ್ನು ಕಲಿಸುವ 3 ವರ್ಷದ ಸಮುದಾಯ ವೈದ್ಯಶಾಸ್ತ್ರದ ಎಂ.ಡಿ.ಗೆ ಸೇರಬಹುದು, ಇಲ್ಲವೇ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಂಥ ಕಡೆ 2 ವರ್ಷದ ಎಂ.ಪಿ.ಎಚ್. ಮಾಡಬಹುದು. ವೈದ್ಯಕೀಯ ಕಾಲೇಜಿನಲ್ಲಿ ಬೋಧಿಸುವ ಮನಸ್ಸಿದ್ದರೆ ಎಂ.ಡಿ.ಯೇ ಲೇಸೆಂದು ನನ್ನ ಅಭಿಪ್ರಾಯ. ಎಂ.ಪಿ.ಎಚ್. ವೈದ್ಯರಲ್ಲದವರಿಗೂ ತೆರೆದಿರುವ ಪದವಿ. ಇದನ್ನು ಹಲವರು ಗಮನಿಸುವುದಿಲ್ಲ.

ಈ ವಿಷಯದ ರುಚಿ ಹತ್ತಲು ಪದವಿಯವರೆಗೆ ಕಾಯಬೇಕಿಲ್ಲ. 2018ರ ಭೂಕುಸಿತದಲ್ಲಿ ಮನೆ ಬಿಟ್ಟು ಬಂದವರಿಗೆ ಔಷಧಿಯಷ್ಟೇ ಶುದ್ಧ ನೀರು, ಶೌಚಾಲಯಗಳೂ ಬೇಕಾಗಿದ್ದವು ಎಂಬುದು ಕೊಡಗಿನವರಾದ ನಿಮಗೆ ತಿಳಿದದ್ದೇ. ರಜೆಯಲ್ಲಿ ಊರಿಗೆ ಬಂದಾಗ, ಕಾಫಿ ತೋಟದ ಲೈನ್‌ಮನೆಗಳಿಗೆ ಹೋಗುವ ಆಶಾ ಕಾರ್ಯಕರ್ತೆಯರ ಜೊತೆ, ಅವರ ಒಪ್ಪಿಗೆ ಪಡೆದು, ನಾಲ್ಕು ದಿನ ಸುತ್ತಿ ಬರಲಿ.