ಉತ್ತರ ಧ್ರುವ ಬಿಸಿಯಾಗುತ್ತಿದ್ದರೆ ಟೆಕ್ಸಾಸ್‌ನಲ್ಲಿ ಹಿಮ ಯಾಕೆ ಬಿತ್ತು?

ಪ್ರಶ್ನೆ: ಸರ್, ಆರ್ಕ್ಟಿಕ್ ಬಿಸಿಯಾಗ್ತಿದೆ ಅಂತ ಬರೀತೀರಿ. ಹಾಗಿದ್ದರೆ 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಿಮ ಬಿದ್ದು ದಿನಗಟ್ಟಲೆ ಜನ ಒದ್ದಾಡಿದ್ದು ಯಾಕೆ? ಅಲ್ಲಿನ ಗಾಳಿಗೂ ನಮ್ಮ ಮಳೆಗೂ ಏನಾದರೂ ನಂಟು ಇದೆಯಾ? ಭತ್ತ ಕೊಯ್ಯುವ ಹೊತ್ತಿಗೆ ಮಳೆ ಬಂದರೆ ಈಗ ಎಲ್ಲರೂ ಅದನ್ನೇ ಹೇಳ್ತಾರೆ.
– ಓದುಗರೊಬ್ಬರು, ಸಿಂಧನೂರು

ಉತ್ತರ: ಉತ್ತರ ಧ್ರುವದ ಸುತ್ತಲಿನ ಆರ್ಕ್ಟಿಕ್ ಬಿಸಿಯಾಗುತ್ತಿರುವುದು, ಟೆಕ್ಸಾಸ್‌ನಲ್ಲಿ ಹಿಮ ಬಿದ್ದದ್ದು ಎರಡೂ ನಿಜ. 1979ರಿಂದ ಈಚಿನ ಅಳತೆಗಳ ಪ್ರಕಾರ ಇಡೀ ಭೂಮಿಯ ಸರಾಸರಿಗಿಂತ ಹೆಚ್ಚೂಕಡಿಮೆ ನಾಲ್ಕು ಪಟ್ಟು ವೇಗದಲ್ಲಿ ಆರ್ಕ್ಟಿಕ್ ಬಿಸಿಯಾಗಿದೆ. ಸೈಬೀರಿಯಾದ ವೆರ್ಖೊಯಾನ್ಸ್ಕ್ ಆರ್ಕ್ಟಿಕ್ ವೃತ್ತದ ಒಳಗಿರುವ ಊರು. 2020ರ ಜೂನ್ 20ರಂದು ಅಲ್ಲಿ 38 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಮುಂಗಾರು ತಡವಾದಾಗ ಜೂನ್‌ನಲ್ಲಿ ರಾಯಚೂರು ಕಾಯುವಷ್ಟು ಬಿಸಿ!

ಅಲ್ಲೇ ಯಾಕೆ ಇಷ್ಟು ಜಾಸ್ತಿ? ಕಾರಣ ಹಲವು, ಅದರಲ್ಲಿ ದೊಡ್ಡದೊಂದು ಸಮುದ್ರದ ಮೇಲಿನ ಮಂಜುಗಡ್ಡೆ. ನಮ್ಮ ಕಡೆ ಬೇಸಿಗೆಗೆ ಮುಂಚೆ ಮಾಳಿಗೆಗೆ ಸುಣ್ಣ ಹೊಡೆಸುತ್ತೇವಲ್ಲ, ಮಧ್ಯಾಹ್ನದಲ್ಲೂ ಆ ಬಿಳಿ ಮಾಳಿಗೆ ಮೇಲೆ ಬರಿಗಾಲಲ್ಲಿ ಹೇಗೋ ನಾಲ್ಕು ಹೆಜ್ಜೆ ಇಡಬಹುದು, ಆದರೆ ಕೆಳಗಿನ ಡಾಂಬರು ರಸ್ತೆಗೆ ಕಾಲಿಡೋಕೆ ಆಗಲ್ಲ. ಹಿಮ ಹೊದ್ದ ಮಂಜುಗಡ್ಡೆ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80ರಷ್ಟನ್ನು ವಾಪಸ್ ಕಳಿಸುತ್ತದೆ. ಅದು ಕರಗಿ ಕಪ್ಪು ನೀರು ತೆರೆದುಕೊಂಡರೆ ನೂರಕ್ಕೆ 90ಕ್ಕಿಂತ ಹೆಚ್ಚು ಬಿಸಿಲು ನೀರಿನೊಳಗೇ ಉಳಿಯುತ್ತದೆ. ನೀರು ಕಾಯುತ್ತದೆ, ಇನ್ನಷ್ಟು ಗಡ್ಡೆ ಕರಗುತ್ತದೆ, ಬಿಸಿಲುಗಾಲ ಮುಗಿದ ಮೇಲೆ ಆ ಶಾಖವೆಲ್ಲ ಗಾಳಿಗೆ ಸೇರುತ್ತದೆ. 2012ರ ಸೆಪ್ಟೆಂಬರ್‌ನಲ್ಲಿ ಗಡ್ಡೆಯ ಹರವು ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿದಿತ್ತು. ಉಪಗ್ರಹದ ಅಳತೆಗಳಲ್ಲಿ ಅದೇ ಅತಿ ಕಡಿಮೆ.

ಈಗ ಟೆಕ್ಸಾಸ್‌ಗೆ ಬರೋಣ. ಚಳಿಗಾಲದಲ್ಲಿ ಧ್ರುವದ ಮೇಲೆ, ವಿಮಾನ ಹಾರುವುದಕ್ಕಿಂತ ತುಂಬಾ ಎತ್ತರದಲ್ಲಿ, ಕಡುತಣ್ಣನೆಯ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಸುತ್ತುತ್ತಿರುತ್ತದೆ. ಅದೇ ಪೋಲಾರ್ ವೋರ್ಟೆಕ್ಸ್, ಅಂದರೆ ಧ್ರುವದ ಸುಳಿ. ಅದರ ಕೆಳಗೆ, ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಹರಿಯುವ ಬಿರುಗಾಳಿ ಜೆಟ್ ಸ್ಟ್ರೀಮ್. ಮೇಲಿನ ಸುಳಿ ಗಟ್ಟಿಯಾಗಿದ್ದರೆ ಚಳಿ ಸಾಮಾನ್ಯವಾಗಿ ಧ್ರುವದ ಸುತ್ತಲೇ ಇರುತ್ತದೆ. ಕೆಳಗಿನಿಂದ ಗಾಳಿಯ ದೊಡ್ಡ ಅಲೆಗಳು ಎದ್ದು ಬಡಿದರೆ ಸುಳಿ ಸಡಿಲವಾಗುತ್ತದೆ, ಕೆಲವೊಮ್ಮೆ ಒಡೆದು ಎರಡಾಗುವುದೂ ಉಂಟು. 2021ರ ಜನವರಿ ಮೊದಲ ವಾರ ಸುಳಿ ಹೀಗೆ ಕದಡಿತ್ತು. ಫೆಬ್ರವರಿಯಲ್ಲಿ ಜೆಟ್ ಸ್ಟ್ರೀಮ್ ದಕ್ಷಿಣಕ್ಕೆ ಜೋತುಬಿದ್ದು, ಧ್ರುವದ ಚಳಿ ಟೆಕ್ಸಾಸ್ ತನಕ ಇಳಿದು ಬಂತು. ಅಂದರೆ ಚಳಿ ಹೊಸದಾಗಿ ಹುಟ್ಟಲಿಲ್ಲ, ಜಾಗ ಬದಲಿಸಿತು ಅಷ್ಟೇ.

ಗಾಳಿ ಹೀಗೆ ವಾಲಾಡುವುದಕ್ಕೆ ಆರ್ಕ್ಟಿಕ್ ಕಾಯುವುದೇ ಕಾರಣವಾ? ಹೌದು ಅಂತ 2012ರಲ್ಲಿ ವಾದ ಮುಂದಿಟ್ಟವರು ಅಮೆರಿಕದ ವಿಜ್ಞಾನಿಗಳಾದ ಜೆನಿಫರ್ ಫ್ರಾನ್ಸಿಸ್ ಮತ್ತು ಸ್ಟೀಫನ್ ವಾವ್ರಸ್. ಧ್ರುವಕ್ಕೂ ದಕ್ಷಿಣದ ನಾಡುಗಳಿಗೂ ಇರುವ ಬಿಸಿ-ತಂಪಿನ ಅಂತರವೇ ಜೆಟ್ ಸ್ಟ್ರೀಮ್‌ಗೆ ಬಲ. ಅಂತರ ಕಡಿಮೆಯಾದರೆ ಗಾಳಿ ನಿಧಾನವಾಗಿ ಅಂಕುಡೊಂಕು ಹೆಚ್ಚುತ್ತದೆ ಅಂದರು. ನನಗೂ ಈ ವಾದ ಇಷ್ಟವೇ. ಆದರೆ ಆಮೇಲಿನ ವರ್ಷಗಳ ಅಳತೆಗಳಲ್ಲಿ ಅಂಕುಡೊಂಕು ಒಂದೇ ಸಮನೆ ಏರಿಲ್ಲ, ಕಂಪ್ಯೂಟರ್ ಲೆಕ್ಕಗಳಲ್ಲೂ ಪರಿಣಾಮ ಚಿಕ್ಕದಾಗಿಯೇ ಬರುತ್ತದೆ. ಈ ವಿಷಯದಲ್ಲಿ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತ ಇಲ್ಲ. ಧ್ರುವ ಬಿಸಿಯಾಗುತ್ತಿದೆ ಅನ್ನೋದರಲ್ಲಿ ಮಾತ್ರ ಯಾವ ಜಗಳವೂ ಇಲ್ಲ. ದಯವಿಟ್ಟು ಇವೆರಡನ್ನೂ ಕಲಸಬೇಡಿ. ಮೊಬೈಲ್‌ನಲ್ಲಿ ಓಡಾಡುವ ವಿಡಿಯೊಗಳು ಮಾಡುವುದು ಅದನ್ನೇ.

ನಮ್ಮ ಮಳೆಗೂ ಉತ್ತರದ ಹಿಮಕ್ಕೂ ಒಂದು ಹಳೆಯ ನಂಟು ಇದೆ. ಹಿಮಾಲಯದಲ್ಲಿ ಹಿಮ ಜಾಸ್ತಿ ಬಿದ್ದ ವರ್ಷ ಮುಂಗಾರು ಸೊರಗುತ್ತದೆ ಅಂತ 1884ರಲ್ಲೇ ಆಗಿನ ಹವಾಮಾನ ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಬರೆದರು. ಇವತ್ತಿಗೂ ಹವಾಮಾನ ಇಲಾಖೆ ಮುಂಗಾರಿನ ಮುನ್ಸೂಚನೆ ಕೊಡುವಾಗ ಉತ್ತರ ಗೋಳಾರ್ಧದ ಹಿಮದ ಹೊದಿಕೆಯನ್ನು ಗಮನಿಸುತ್ತದೆ. ಆದರೆ ಪೆಸಿಫಿಕ್ ಸಾಗರದ ಎಲ್ ನಿನೊ, ಅಂದರೆ ಅಲ್ಲಿನ ನೀರು ಎಂದಿಗಿಂತ ಹೆಚ್ಚು ಬಿಸಿಯಾಗುವುದು, ಇದಕ್ಕಿಂತ ಬಲವಾದ ಕೈ. 2023ರಲ್ಲಿ ನಮ್ಮ ರಾಜ್ಯಕ್ಕೆ ಬರ ಬಂದದ್ದು ಎಲ್ ನಿನೊ ವರ್ಷದಲ್ಲೇ.

ಇನ್ನು ನಿಮ್ಮ ಕೊಯ್ಲಿನ ಮಳೆ. ನವೆಂಬರ್, ಡಿಸೆಂಬರ್‌ನಲ್ಲಿ ರಸ್ತೆ ಪಕ್ಕ ಒಣಗಲು ಹರವಿದ ಭತ್ತ ನೆನೆದು ಮೊಳಕೆ ಒಡೆದರೆ ಎಂಥ ಸಂಕಟ ಅಂತ ಈ ಭಾಗದವರಿಗೆ ಹೇಳಿಕೊಡಬೇಕಿಲ್ಲ. ಆ ಮಳೆ ಸಾಮಾನ್ಯವಾಗಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಬರುತ್ತದೆ, ಧ್ರುವದಿಂದಲ್ಲ. ಕುಸಿತ ಹುಟ್ಟಿದ ಸುದ್ದಿ ಹಲವು ಸಲ ಎರಡು ಮೂರು ದಿನ ಮುಂಚೆಯೇ ಸಿಗುತ್ತದೆ. ಕೊಯ್ಲಿನ ಮಷಿನ್‌ಗೆ ಹೇಳುವ ಮುನ್ನ ಅದನ್ನೊಮ್ಮೆ ನೋಡಿ, ತಾಡಪಾಲು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.