ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಮಾತ್ರ ಟೈಮ್ ಉಂಟು, ಮಂಗ್ಳೂರಲ್ಲಿ ಯಾವ ನಾಯಿ ಸಾಕ್ಬಹುದು?

ನಿಮ್ಮದು ಬಿಜೈಯಲ್ಲಿ ಮೂರನೇ ಮಾಳಿಗೆಯ ಫ್ಲ್ಯಾಟು, ಗಂಡ ಹೆಂಡ್ತಿ ಇಬ್ರಿಗೂ ಕೆಲ್ಸ, ಲ್ಯಾಬ್ರಡಾರ್ ಅಂದ್ರೆ ಲ್ಯಾಬ್, ಬೀಗಲ್, ಹಸ್ಕಿ ಈ ಮೂರರ ಮೇಲೆ ಮನಸ್ಸು, ಯಾವುದಕ್ಕೆ ದಿನಕ್ಕೆ ಎಷ್ಟು ವಾಕಿಂಗ್ ಬೇಕು, ವಾಕಿಂಗಿಗೆ ಜನ ಇಟ್ರೆ ಆಗ್ತದಾ ಅಂತ ಕೇಳಿದ್ದೀರಿ. ನೇರವಾಗಿ ಹೇಳಿಬಿಡ್ತೇನೆ, ಹಸ್ಕಿ ಬೇಡ ಮಾರಾಯ್ರೆ. ಲ್ಯಾಬ್ ನಿಮ್ಮ ಒಂದು ಗಂಟೆಯಲ್ಲಿ ಸುಧಾರಿಸುದು ಕಷ್ಟ. ಬೀಗಲ್ ಆಗ್ತದೆ, ಆದ್ರೆ ಹೊರಗೆ ಹೋದಾಗ ಅದು ಹೇಳಿದ ಹಾಗೆ ನೀವು ಕೇಳ್ಬೇಕಾಗ್ತದೆ. ನಿಮ್ಮ ಲಿಸ್ಟಲ್ಲೇ ಇಲ್ಲದ ಊರ ನಾಯಿ ಈ ಮೂರಕ್ಕಿಂತ ನಿಮಗೆ ಹೊಂದ್ತದೆ ಅಂತ ನನ್ನ ಅಭಿಪ್ರಾಯ. ನಾನು ಡಾಕ್ಟ್ರಲ್ಲ, ಸುರತ್ಕಲ್ ಕಡೆ ಇರುದು, ಮನೆಯಲ್ಲಿ ಒಂದು ಲ್ಯಾಬ್ ಒಂದು ಊರ ನಾಯಿ ಉಂಟು, ಅಕ್ಕಪಕ್ಕದವ್ರು ಊರಿಗೆ ಹೋದ್ರೆ ಅವರ ನಾಯಿಗಳೂ ನಮ್ಮಲ್ಲೇ, ಹಾಗಾಗಿ ಬೇರೆ ಬೇರೆ ಜಾತಿ ನೋಡಿ ಗೊತ್ತುಂಟು.

ಮೊದ್ಲು ನಿಮಿಷದ ಲೆಕ್ಕ. ಇಂಗ್ಲೆಂಡಿನ ಕೆನಲ್ ಕ್ಲಬ್ ಅಂತ ನಾಯಿ ಜಾತಿಗಳ ದಾಖಲೆ ಇಡುವ ಸಂಸ್ಥೆ ಉಂಟು, ಅವ್ರು ಪ್ರತಿ ಜಾತಿಗೂ ದಿನಕ್ಕೆ ಇಷ್ಟು ಅಂತ ಹೇಳ್ತಾರೆ. ಪೊಮೆರೇನಿಯನ್ನಿಗೆ ಅರ್ಧ ಗಂಟೆ ಸಾಕು, ಪಗ್, ಶಿಹ್ ತ್ಸುಗೆ ಒಂದು ಗಂಟೆಯವರೆಗೆ, ಬೀಗಲಿಗೆ ಒಂದು ಗಂಟೆಗಿಂತ ಜಾಸ್ತಿ, ಲ್ಯಾಬ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಹಸ್ಕಿ, ರಾಟ್‌ವೈಲರ್ ಇವಕ್ಕೆಲ್ಲ ಎರಡು ಗಂಟೆಗೂ ಮೇಲೆ. ಇದು ಇಡೀ ದಿನದ ಒಟ್ಟು, ಒಂದೇ ಸಲ ಎರಡು ಗಂಟೆ ನಡೆಸ್ಲಿಕ್ಕಿಲ್ಲ, ಓಟ ಆಟ ಎಲ್ಲ ಸೇರಿ. ಲೆಕ್ಕ ತಪ್ಪಲ್ಲ, ಆದ್ರೆ ಅದು ಚಳಿ ಊರಿನ ಲೆಕ್ಕ, ಅಲ್ಲಿ ಮಧ್ಯಾಹ್ನ ಕೂಡ ಕೋಟ್ ಹಾಕ್ಕೊಂಡು ನಾಯಿ ಹಿಡ್ಕೊಂಡು ಹೋಗ್ತಾರೆ. ಇಲ್ಲಿ ಎಪ್ರಿಲಲ್ಲಿ ಬೆಳಿಗ್ಗೆ ಎಂಟೂವರೆಗೆ ಲೇಡಿಹಿಲ್ಲಿಂದ ಉರ್ವ ಮಾರ್ಕೆಟಿಗೆ ನಡೀಲಿಕ್ಕೆ ನಮಗೇ ಆಗುದಿಲ್ಲ.

ಇದು ಸೆಕೆ ಒಂದರದ್ದೇ ವಿಷಯ ಅಲ್ಲ. ಬಳ್ಳಾರಿ ರಾಯಚೂರಿಗೆ ಹೋಲಿಸಿದ್ರೆ ನಮ್ಮಲ್ಲಿ ಡಿಗ್ರಿ ಕಮ್ಮಿಯೇ, ಆದ್ರೆ ಗಾಳಿಯಲ್ಲಿ ನೀರಿನ ಅಂಶ ಜಾಸ್ತಿ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುದಿಲ್ಲ, ಪಾದದಡಿ ಸ್ವಲ್ಪ ಬೆವರ್ತದೆ ಅಷ್ಟೆ, ಮೈಬಿಸಿ ಹೊರಗೆ ಹಾಕ್ಲಿಕ್ಕೆ ಅದಕ್ಕಿರುವ ದೊಡ್ಡ ದಾರಿ ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುದು, ನಾಲಿಗೆ ಬಾಯಿ ಮೂಗಿನ ಒಳಗಿನ ಪಸೆ ಆರಿದ್ರೆ ಮಾತ್ರ ತಂಪಾಗುದು. ಜೂನಲ್ಲಿ ಬಾಲ್ಕನಿಯಲ್ಲಿ ಹಾಕಿದ ಬಟ್ಟೆ ಹೇಗೆ ಒಣಗುದಿಲ್ವೋ ಹಾಗೆ ಆ ಪಸೆ ಇಲ್ಲಿ ಆರುದಿಲ್ಲ. ನಾಯಿ ಇನ್ನೂ ಜೋರಾಗಿ ಉಸಿರು ಎಳೀತದೆ, ಎಳೆಯುವ ಕೆಲಸದಿಂದ್ಲೇ ಮೈ ಇನ್ನಷ್ಟು ಬಿಸಿ. ಮಾಮೂಲು ಮೈಬಿಸಿ 38ರಿಂದ 39 ಡಿಗ್ರಿ ಆಸುಪಾಸು ಇರ್ತದೆ, 41 ದಾಟಿತು ಅಂದ್ರೆ ಜೀವಕ್ಕೆ ಕಷ್ಟ, ಮತ್ತೆ ಅದು ದಾಟ್ಲಿಕ್ಕೆ ಮಟಮಟ ಮಧ್ಯಾಹ್ನವೇ ಆಗ್ಬೇಕಂತ ಇಲ್ಲ, ಮೋಡ ಮುಚ್ಚಿದ ಸಂಜೆ ಜೋರು ಓಡಿಸಿದ್ರೂ ಸಾಕು.

ಹಾಗಾಗಿ ಇಲ್ಲಿ ಎಷ್ಟು ಹೊತ್ತು ಅನ್ನುದಕ್ಕಿಂತ ಯಾವ ಹೊತ್ತು ಅನ್ನುದು ಮುಖ್ಯ. ಫೆಬ್ರವರಿಯಿಂದ ಮೇವರೆಗೆ ಬೆಳಿಗ್ಗೆ ಏಳರೊಳಗೆ ಮುಗಿಸ್ಬೇಕು, ಸಂಜೆ ಏಳರ ಮೊದ್ಲು ಹೊರಡ್ಬಾರ್ದು, ಯಾಕಂದ್ರೆ ಬಿಸಿಲು ಹೋದ್ರೂ ಡಾಮರು ಮತ್ತೆ ನಿಮ್ಮ ಅಪಾರ್ಟ್‌ಮೆಂಟಿನ ಇಂಟರ್‌ಲಾಕ್ ಬಿಸಿ ಹಿಡ್ಕೊಂಡೇ ಇರ್ತದೆ. ಬಿಸಿಲಿಗೆ ಡಾಮರು 50 ಡಿಗ್ರಿ ದಾಟುದು ಸಾಮಾನ್ಯ. ಅಂಗೈಯ ಹಿಂಬದಿಯನ್ನು ನೆಲಕ್ಕೆ ಇಟ್ಟು ಏಳು ಎಣಿಸಿ ನೋಡಿ, ನಿಮಗೆ ಇಡ್ಲಿಕ್ಕೆ ಆಗದಿದ್ರೆ ಅದಕ್ಕೂ ಆಗುದಿಲ್ಲ. ನಾಲಿಗೆ ಅಗಲ ಆಗಿ ತುದಿ ಸೌಟಿನ ಹಾಗೆ ಆಯ್ತು, ಜೊಲ್ಲು ಅಂಟಂಟು, ಒಸಡು ಕೆಂಪು, ಕಾಲು ಅಡ್ಡಾದಿಡ್ಡಿ ಹಾಕ್ತದೆ ಅಂತ ಕಂಡ್ರೆ ರಿಕ್ಷಾ ಹುಡುಕುವ ಮೊದ್ಲು ನೀರು ಹೊಯ್ಯಿರಿ, ನಳ್ಳಿ ನೀರೋ ಬಾವಿ ನೀರೋ ಮೈ ಪೂರ್ತಿ ಒದ್ದೆ ಆಗುವ ಹಾಗೆ, ಫ್ಯಾನ್ ಹಾಕಿ, ಆಮೇಲೆ ಡಾಕ್ಟ್ರ ಹತ್ರ ಓಡಿ. ಒದ್ದೆ ಬೈರಾಸು (ಟವೆಲ್) ಹೊದಿಸಿ ಹಾಗೇ ಬಿಡುದು ಮಾಡ್ಬೇಡಿ, ಸ್ವಲ್ಪ ಹೊತ್ತಲ್ಲಿ ಅದೇ ಕಂಬಳಿ ಆಗ್ತದೆ.

ಇನ್ನು ಜಾತಿ. ನಾನು ಯಾವಾಗ್ಲೂ ನೋಡುದು ಆ ನಾಯಿಯನ್ನು ಯಾವ ಕೆಲಸಕ್ಕೆ ಮಾಡಿದ್ದು ಅಂತ. ಲ್ಯಾಬಿನ ಹಿರಿಯರು ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮೀನುಗಾರರ ಜೊತೆ ಇದ್ದವು, ತಣ್ಣಗಿನ ನೀರಿಗೆ ಹಾರಿ ತಪ್ಪಿಸ್ಕೊಂಡ ಮೀನು, ಬಲೆಯ ಹಗ್ಗ ಎಳ್ಕೊಂಡು ಬರುವ ಕೆಲಸ. ಇಂಥದ್ದನ್ನು ಹಿಡ್ಕೊಂಡು ಅಪಾರ್ಟ್‌ಮೆಂಟಿನ ಸುತ್ತ ಅರ್ಧ ಗಂಟೆ ಸುತ್ತು ಹಾಕಿದ್ರೆ ಅದಕ್ಕೆ ವಾಕಿಂಗ್ ಶುರು ಆಗಿಯೇ ಇಲ್ಲ, ಉಳಿದದ್ದನ್ನು ನಿಮ್ಮ ಸೋಫಾದ ಮೇಲೆ ತೀರಿಸ್ಕೊಳ್ತದೆ. ಮೇಲಿಂದ ಹೊಟ್ಟೆಬಾಕತನ ಬೇರೆ. ಅದು ಬರೀ ಆಸೆಬುರುಕುತನ ಅಲ್ಲ ಪಾಪ, 2016ರಲ್ಲಿ ಕೇಂಬ್ರಿಜ್ ಯೂನಿವರ್ಸಿಟಿಯವ್ರು ತೋರಿಸಿದ್ದು, ಸುಮಾರು ಕಾಲುಭಾಗ ಲ್ಯಾಬ್‌ಗಳಲ್ಲಿ ಪಿಓಎಂಸಿ ಅಂತ ಒಂದು ಜೀನಿನ ತುಂಡು ಇಲ್ಲ, ಅವಕ್ಕೆ ಹಸಿವು ಜಾಸ್ತಿ. 2024ರಲ್ಲಿ ಅದೇ ತಂಡದ ಇನ್ನೊಂದು ಕೆಲಸ ಬಂತು, ಅಂಥ ನಾಯಿಗಳು ಸುಮ್ಮನೆ ಬಿದ್ಕೊಂಡಾಗ ಖರ್ಚು ಮಾಡುವ ಶಕ್ತಿಯೂ ಸುಮಾರು 25 ಪರ್ಸೆಂಟ್ ಕಮ್ಮಿಯಂತೆ. ಅಂದ್ರೆ ತಿನ್ನುದು ಜಾಸ್ತಿ, ಖರ್ಚು ಕಮ್ಮಿ. ನಮ್ಮಲ್ಲಿ ಲ್ಯಾಬಿಗೆ ಬೂತಾಯಿ ಮೀನು ಬೇಯಿಸಿ ಅನ್ನ ಕಲಸಿ ಎರಡು ಹೊತ್ತು ಬಟ್ಟಲು ತುಂಬ ಹಾಕಿ, ಅದು ಸ್ಟೂಲಿನ ಹಾಗೆ ಆದ ಮೇಲೆ ವಾಕಿಂಗ್ ಜಾಸ್ತಿ ಮಾಡಿಸ್ಬೇಕಾ ಅಂತ ಕೇಳ್ತಾರೆ. ಮೊದ್ಲು ಅನ್ನ ಕಮ್ಮಿ ಮಾಡಿ. ಪಕ್ಕೆಲುಬು ಮುಟ್ಟಿದ್ರೆ ಬೆರಳಿಗೆ ಸಿಗ್ಬೇಕು.

ಬೀಗಲ್ ಮೊಲದ ವಾಸನೆ ಹಿಡ್ಕೊಂಡು ಹೋಗುವ ಬೇಟೆನಾಯಿ. ಅದಕ್ಕೆ ಕಾಲಿನಷ್ಟೇ ಮೂಗಿಗೂ ಕೆಲಸ ಬೇಕು. ಅರ್ಧ ಗಂಟೆಯಲ್ಲಿ ಒಂದು ಕಿಲೋಮೀಟರೂ ಆಗ್ಲಿಕ್ಕಿಲ್ಲ, ಪ್ರತಿ ಕಂಬ, ಪ್ರತಿ ಗೂಡಂಗಡಿಯ ಹಿಂದಿನ ಕಸ ಮೂಸಿ ಮುಗಿಸಿಯೇ ಮುಂದೆ, ಅದನ್ನು ಎಳ್ಕೊಂಡು ಹೋಗ್ಬೇಡಿ, ಹಾಗೆ ಮೂಸ್ಲಿಕ್ಕೆ ಬಿಟ್ರೆ ಮನೆಗೆ ಬಂದು ನಿದ್ದೆ ಮಾಡ್ತದೆ. ಮನೆಯಲ್ಲೂ ಚಪಾತಿ ತುಂಡು ಹಳೇ ಬೈರಾಸಲ್ಲಿ ಸುತ್ತಿ ಅಡಗಿಸಿಟ್ಟು ಹುಡುಕ್ಲಿಕ್ಕೆ ಹೇಳಿ, ಚೆನ್ನಾಗಿ ಸುಸ್ತಾಗ್ತದೆ. ಆದ್ರೆ ಹಿಡ್ಕೊಂಡ ಬಳ್ಳಿ (ಹಗ್ಗ) ಬಿಚ್ಚಿದ್ರೆ ಮಾತ್ರ ಹೋಯ್ತು, ವಾಸನೆ ಸಿಕ್ಕಿದ ಮೇಲೆ ಅದಕ್ಕೆ ನಿಮ್ಮ ಸ್ವರ ಕೇಳುದೇ ಇಲ್ಲ. ಬೊಬ್ಬೆಯೂ ಉಂಟು, ಇಡೀ ದಿನ ಒಂದೇ ಇದ್ರೆ ಕೆಳಗಿನ ಮಾಳಿಗೆಯವ್ರು ನಿಮಗೆ ಫೋನ್ ಮಾಡ್ತಾರೆ.

ಹಸ್ಕಿ ಸೈಬೀರಿಯದ್ದು, ಹಿಮದಲ್ಲಿ ಗಾಡಿ ಎಳೀಲಿಕ್ಕೆ ಮಾಡಿದ್ದು, ಎರಡು ಪದರ ರೋಮ. ಎರಡು ಗಂಟೆ ಓಟ ಬೇಕಾದ ನಾಯಿಗೆ ಓಡ್ಲಿಕ್ಕೆ ಸಾಧ್ಯವೇ ಇಲ್ಲದ ಹವೆ, ಇದಕ್ಕೆ ಎಂತ ಉತ್ತರ ಉಂಟು? ಏಸಿ ರೂಮಲ್ಲಿ ಕಟ್ಟಿ ಹಾಕಿ ಫೋಟೋ ತೆಗೀಲಿಕ್ಕೆ ಆಗ್ತದೆ ಅಷ್ಟೆ. ಇದರಲ್ಲಿ ನಾನು ಸ್ವಲ್ಪ ಖಡಕ್, ಬೇಜಾರು ಮಾಡ್ಬೇಡಿ.

ಪಗ್ ಬೇಕು ಅನ್ನುವವ್ರಿಗೆ, ಹಚ್ ಮೊಬೈಲ್ ಕಂಪೆನಿಯ ಜಾಹೀರಾತು ಬಂದಾಗಿಂದ ಅದರ ಮರ್ಲು ಇನ್ನೂ ಹೋಗಿಲ್ಲ ನಮ್ಮವ್ರಿಗೆ, ಚಪ್ಪಟೆ ಮೂತಿಯ ನಾಯಿಗೆ ನಡೆಯುದು ಕಮ್ಮಿ ಸಾಕು ನಿಜ, ಆದ್ರೆ ಉಸಿರಾಟದ ದಾರಿಯೇ ಇರ್ಕು ಆದ್ದರಿಂದ ಮೇಲೆ ಹೇಳಿದ ಏದುಸಿರಿನ ವ್ಯವಸ್ಥೆಯೇ ಅದಕ್ಕೆ ಸರಿ ಇಲ್ಲ. ಹತ್ತು ಹದಿನೈದು ನಿಮಿಷದ ಸಣ್ಣ ಸಣ್ಣ ವಾಕಿಂಗ್, ಕುತ್ತಿಗೆಗೆ ಬೆಲ್ಟ್ ಬೇಡ, ಎದೆಗೆ ಕಟ್ಟುವ ಹಾರ್ನೆಸ್ ಹಾಕಿ. ಶಿಹ್ ತ್ಸುಗೂ ಇದೇ. ಡ್ಯಾಶ್‌ಹಂಡ್ ಉದ್ದ ಬೆನ್ನಿನದ್ದು, ಅದಕ್ಕೆ ಬೆನ್ನುಹುರಿಯ ಡಿಸ್ಕ್ ಜಾರುವ ತೊಂದ್ರೆ ಜಾಸ್ತಿ, ನಡೆಯುದು ಒಳ್ಳೇದೇ, ಮೂರು ಮಾಳಿಗೆ ಮೆಟ್ಲು ಹತ್ತಿಸಿ ಇಳಿಸುದು ಬೇಡ. ಪಾಮ್ ಅಂತ ನಮ್ಮಲ್ಲಿ ಹೇಳುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್, ಅವಕ್ಕೆ ನಿಮ್ಮ ಒಂದು ಗಂಟೆ ಧಾರಾಳ ಆಯ್ತು. ಮುಧೋಳ ನಾಯಿ ಕೆಲವರಿಗೆ ಆಶ್ಚರ್ಯ ಆಗ್ತದೆ, ಓಟದ ನಾಯಿ ಅಲ್ವಾ ಇಡೀ ದಿನ ಓಡ್ಬೇಕು ಅಂತ, ಹಾಗಲ್ಲ, ಒಮ್ಮೆ ಜೋರು ಓಡಿ ಬಿಟ್ರೆ ಆಮೇಲೆ ಮೂಲೆಯಲ್ಲಿ ಮಲಗಿ ಬಿಡ್ತದೆ, ಆದ್ರೆ ಆ ಒಂದು ಓಟಕ್ಕೆ ಬೇಲಿ ಇದ್ದ ಗದ್ದೆಯಷ್ಟು ಜಾಗ ಬೇಕು, ಅದು ಬಿಜೈಯಲ್ಲಿ ಎಲ್ಲಿಂದ ತರ್ತೀರಿ.

ಜರ್ಮನ್ ಶೆಫರ್ಡ್ ಬಗ್ಗೆ ಒಂದೇ ಮಾತು, ಇಲ್ಲಿ ಅದನ್ನು ಹಗಲಿಡೀ ಗೂಡಲ್ಲಿ ಹಾಕಿ ರಾತ್ರಿ ಕಂಪೌಂಡಿಗೆ ಬಿಡ್ತಾರೆ, ಅದೇ ವ್ಯಾಯಾಮ ಅಂತ ಲೆಕ್ಕ. ಅಂಗಳಕ್ಕೆ ಬಿಟ್ಟದ್ದು ವಾಕಿಂಗ್ ಅಲ್ಲ. ಗೇಟಿನ ಹತ್ರ ನಿಂತು ಹೋಗುವ ಬರುವವರಿಗೆ ಬೊಗಳಿ ಬೊಗಳಿ ಅದು ಇನ್ನೂ ಹಾಳಾಗ್ತದೆ. ಮತ್ತೆ ಶೆಫರ್ಡ್, ಗ್ರೇಟ್ ಡೇನ್ ತರದ ಆಳ ಎದೆಯ ನಾಯಿಗಳಿಗೆ ಹೊಟ್ಟೆ ತುಂಬಿಸಿದ ಕೂಡ್ಲೇ ಓಡಿಸ್ಬಾರ್ದು, ಹೊಟ್ಟೆ ಉಬ್ಬಿ ತಿರುಚಿಕೊಂಡ್ರೆ ಕೆಲವೇ ಗಂಟೆಯಲ್ಲಿ ಸಾಯ್ತವೆ.

ಊರ ನಾಯಿ ಅಂದೆ ಅಲ್ವಾ. ಇದೇ ಹವೆಯಲ್ಲಿ ಹುಟ್ಟಿ ಬೆಳೆದದ್ದು, ರೋಮ ಗಿಡ್ಡ, ಮೂತಿ ಉದ್ದ, ಬಿಸಿಲು ಜಾಸ್ತಿ ಆದ್ರೆ ಅದೇ ನೆರಳು ಹುಡುಕ್ತದೆ, ಲ್ಯಾಬಿನ ಹಾಗೆ ಚೆಂಡಿನ ಹಿಂದೆ ಸಾಯುವವರೆಗೆ ಓಡುದಿಲ್ಲ. ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ಚುರುಕು ನಡಿಗೆ, ಮನೆಯಲ್ಲಿ ಸ್ವಲ್ಪ ಆಟ, ದೊಡ್ಡದಾದ ಮೇಲೆ ಹೆಚ್ಚಿನವಕ್ಕೆ ಸಾಕಾಗ್ತದೆ. ಮರಿಯಿಂದ ತಂದ್ರೆ ಮೊದಲ ವರ್ಷ ತುಂಟಾಟ ಉಂಟು, ಅದು ಎಲ್ಲ ಜಾತಿಗೂ ಉಂಟು.

ಮರಿ ತರುದಾದ್ರೆ ಉದ್ದ ವಾಕಿಂಗ್ ಬೇಡ. ತಿಂಗಳಿಗೆ ಐದು ನಿಮಿಷ ಅಂತ ಒಂದು ಬಾಯಿಲೆಕ್ಕ ಉಂಟು, ನಾಲ್ಕು ತಿಂಗಳ ಮರಿಗೆ ಒಂದು ಸಲಕ್ಕೆ ಇಪ್ಪತ್ತು ನಿಮಿಷ. ಶಾಸ್ತ್ರ ಅಲ್ಲ, ಅಂದಾಜಿಗೆ ಸಾಕು. ದೊಡ್ಡ ಜಾತಿಯವಕ್ಕೆ ಮೂಳೆಯ ತುದಿ ಗಟ್ಟಿ ಆಗ್ಲಿಕ್ಕೆ ಒಂದು, ಒಂದೂವರೆ ವರ್ಷ ಹಿಡೀತದೆ, ಅಲ್ಲಿವರೆಗೆ ಬೈಕಿನ ಹಿಂದೆ ಓಡಿಸುದು, ಮೆಟ್ಲು ಹಾರಿಸುದು ಎಲ್ಲ ಬೇಡ. ಪಾರ್ವೋ ಅಂತ ಮರಿಗಳಿಗೆ ವಾಂತಿ ಭೇದಿ ಬರಿಸುವ ವೈರಸ್ ಉಂಟು, ಅದರ ಲಸಿಕೆಗಳು ಮುಗಿಯುವವರೆಗೆ ರಸ್ತೆಯಲ್ಲಿ ಇಳಿಸ್ಬೇಡಿ, ಎತ್ಕೊಂಡು ಹೋಗಿ ಬಸ್ಸು ರಿಕ್ಷಾ ಎಲ್ಲ ತೋರಿಸಿ.

ಮಳೆಗಾಲದ್ದು ನೀವು ಕೇಳ್ಲಿಲ್ಲ, ಆದ್ರೆ ವರ್ಷದ ಮೂರನೇ ಒಂದು ಭಾಗ ಅದೇ ಅಲ್ವಾ. ಒಂದು ಕೈಯಲ್ಲಿ ಕೊಡೆ ಒಂದು ಕೈಯಲ್ಲಿ ಬಳ್ಳಿ, ಎದುರಿಂದ ಬೀದಿನಾಯಿ, ಸಿಟಿ ಬಸ್ಸು ಹಾರಿಸುವ ಕೆಸರು, ಎಂತ ಹೇಳುದು. ಜೋರು ಮಳೆಯ ದಿನ ಹೇಲು ಉಚ್ಚೆಗೆ ಮಾತ್ರ ಇಳಿಸಿ, ಉಳಿದದ್ದು ಕೆಳಗಿನ ಪಾರ್ಕಿಂಗಲ್ಲಿ ಹಗ್ಗ ಎಳೆದಾಟ, ಕೂರು ನಿಲ್ಲು ಬಾ ಅಂತ ಕಲಿಸುದು, ಹತ್ತು ನಿಮಿಷ ತಲೆಗೆ ಕೆಲಸ ಕೊಟ್ರೆ ಅದೂ ವ್ಯಾಯಾಮವೇ. ಕಟ್ಟಿ ನಿಂತ ನೀರಿಗೆ ಇಳಿಸ್ಬೇಡಿ, ಕುಡೀಲಿಕ್ಕೂ ಬಿಡ್ಬೇಡಿ, ನಮ್ಮ ಜಿಲ್ಲೆಯಲ್ಲಿ ಇಲಿಜ್ವರ ಇರುದು ಗೊತ್ತುಂಟಲ್ಲ, ಅದು ನಾಯಿಗೂ ಬರ್ತದೆ, ಅದರ ಲಸಿಕೆ ವರ್ಷ ವರ್ಷ ಹಾಕಿಸ್ಬೇಕು. ಬಂದ ಮೇಲೆ ಬೆರಳ ಸಂದು ಒರೆಸಿ, ಉಣ್ಣಿ ಉಂಟಾ ಅಂತ ಕಿವಿಯ ಒಳಗೆ ನೋಡಿ. ರಾತ್ರಿ ಹುಲ್ಲಿನ ಬದಿಗೆ ಹೋಗುದಾದ್ರೆ ಟಾರ್ಚ್ ಇರ್ಲಿ, ಹಾವು ಉಂಟು.

ಆದಿತ್ಯವಾರ ಬೀಚಿಗೆ ಕರ್ಕೊಂಡು ಹೋಗುದು ಒಳ್ಳೇದೇ, ತಣ್ಣೀರುಬಾವಿ ಅಥವಾ ಸಸಿಹಿತ್ಲು ಕಡೆ ಬೆಳಿಗ್ಗೆ ಬೇಗ, ಜನ ಬರುವ ಮೊದ್ಲು. ಮೆತ್ತಗಿನ ಮರಳಲ್ಲಿ ಹದಿನೈದು ನಿಮಿಷ ಅಂದ್ರೆ ರಸ್ತೆಯ ಅರ್ಧ ಗಂಟೆಗಿಂತ ಜಾಸ್ತಿ ಸುಸ್ತು, ಹಾಗಾಗಿ ಅಭ್ಯಾಸ ಇಲ್ಲದ ನಾಯಿಯನ್ನು ಒಂದೇ ಸಲ ಒಂದು ಗಂಟೆ ಓಡಿಸ್ಬೇಡಿ. ಕುಡಿಯುವ ನೀರು ಮನೆಯಿಂದ ತಗೊಂಡು ಹೋಗಿ, ಉಪ್ಪುನೀರು ಕುಡಿದ್ರೆ ವಾಂತಿ ಭೇದಿ. ಬಲೆಯಿಂದ ಎಸೆದ ಸತ್ತ ಮೀನಿಗೆ ಬಾಯಿ ಹಾಕದ ಹಾಗೆ ನೋಡಿ, ಹೊಟ್ಟೆ ಉಬ್ಬಿದ ಪಫರ್ ಮೀನಲ್ಲಿ ವಿಷ ಉಂಟು, ಅದಕ್ಕೆ ಔಷಧಿ ಇಲ್ಲ. ಪಡುಬಿದ್ರಿಯ ಬ್ಲೂ ಫ್ಲ್ಯಾಗ್ (ಸ್ವಚ್ಛ ಬೀಚ್ ಅಂತ ಸರ್ಟಿಫಿಕೇಟ್ ಸಿಕ್ಕಿದ) ಬೀಚ್ ಈ ಲಿಸ್ಟಲ್ಲಿ ಬೇಡ, ಬ್ಲೂ ಫ್ಲ್ಯಾಗಿನ ನಿಯಮದಲ್ಲೇ ಸಾಕುಪ್ರಾಣಿಗಳಿಗೆ ಕಟ್ಟುನಿಟ್ಟು ಉಂಟು.

ವಾಕಿಂಗಿಗೆ ಜನ ಇಡುದು ಆಗ್ತದೆ, ಮಧ್ಯಾಹ್ನ ಒಂದು ಹೊತ್ತು ಬಂದು ಕೆಳಗೆ ಕರ್ಕೊಂಡು ಹೋಗುವವ್ರು ಸಿಕ್ಕಿದ್ರೆ ಬಾರೀ ಉಪಕಾರ, ಇಬ್ರೂ ಆಫೀಸಿಗೆ ಹೋದ್ರೆ ಅದು ಎಂಟ್ಹತ್ತು ಗಂಟೆ ತಡ್ಕೊಂಡಿರ್ಬೇಕಲ್ಲ. ಆದ್ರೆ ಆ ಹೊತ್ತಲ್ಲಿ ನೆರಳಲ್ಲಿ ಐದು ನಿಮಿಷ ಮಾತ್ರ ಅಂತ ಮೊದ್ಲೇ ಹೇಳಿ, ಕೊಟ್ಟ ದುಡ್ಡಿಗೆ ಸರಿಯಾಗಿ ಅರ್ಧ ಗಂಟೆ ಬಿಸಿಲಲ್ಲಿ ಸುತ್ತಿಸಿ ಬಿಡ್ತಾರೆ ಕೆಲವರು. ಬೀದಿನಾಯಿ ಗುಂಪು ಎದುರು ಬಂದಾಗ ಬಳ್ಳಿ ಬಿಗಿ ಎಳೀದೆ, ಓಡದೆ, ಅಡ್ಡ ತಿರುಗಿ ನಡ್ಕೊಂಡು ಬರ್ಲಿಕ್ಕೆ ಗೊತ್ತಿರುವವ್ರು ಆಗ್ಬೇಕು, ಅದನ್ನು ಒಮ್ಮೆ ಜೊತೆಗೆ ಹೋಗಿ ನೋಡಿಯೇ ಕೆಲಸಕ್ಕೆ ಹೇಳಿ. ಲಿಫ್ಟಲ್ಲಿ ನಾಯಿ ತರ್ಬಾರ್ದು ಅಂತ ಅಸೋಸಿಯೇಶನಿನವ್ರು ಗಲಾಟೆ ಮಾಡಿದ್ರೆ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಿಂಟ್ ತೆಗೆದು ಕೊಡಿ, ಅದರಲ್ಲಿ ಲಿಫ್ಟ್ ವಿಷಯ ಇದೆ. ನಾಯಿ ತರುವ ಮೊದ್ಲೇ ಸೆಕ್ರೆಟರಿ ಹತ್ರ ಮಾತಾಡಿದ್ರೆ ಇನ್ನೂ ಒಳ್ಳೇದು.