ಅಡುಗೆಮನೆಯ ಕಿಟಕಿಯಲ್ಲಿ ಕೊತ್ತಂಬರಿ

ಪ್ರಶ್ನೆ: ನಮ್ಮದು ಬೆಂಗಳೂರಿನ ಮೂರನೆಯ ಮಹಡಿಯ ಮನೆ, ಬಾಲ್ಕನಿ ಇಲ್ಲ. ಅಡುಗೆಮನೆಯ ಉತ್ತರದ ಕಿಟಕಿಯಲ್ಲಿ ಕುಂಡವಿಟ್ಟು ಬಿತ್ತಿದ ಕೊತ್ತಂಬರಿ ಮೊಳೆತರೂ, ಉದ್ದವಾಗಿ ಬೆಳೆದು ಬಾಗಿ ಬೀಳುತ್ತಿದೆ. ಗೊಬ್ಬರ ಸಾಲದೆ ಹೀಗಾಗುತ್ತಿದೆಯೇ?

ಉತ್ತರ: ಗೊಬ್ಬರ ಇದಕ್ಕೆ ಕಾರಣವಲ್ಲ. ಬೆಳಕು ಸಾಲದ ಸಸಿಯು ಅದನ್ನು ಅರಸುತ್ತ ಕಾಂಡವನ್ನು ನೀಳವಾಗಿ ಚಾಚುವುದರಿಂದ ದಂಟು ಸೊರಗಿ ವಾಲುತ್ತದೆ. ಈ ಸ್ಥಿತಿಯಲ್ಲಿ ಗೊಬ್ಬರ ಹೆಚ್ಚಿಸಿದರೆ ಅದು ಇನ್ನಷ್ಟು ಎಳಸಾಗುತ್ತದೆ. ದಿನಕ್ಕೆ ನಾಲ್ಕೈದು ಗಂಟೆಯಾದರೂ ಬಿಸಿಲು ಬೀಳುವ ಪೂರ್ವದ ಅಥವಾ ದಕ್ಷಿಣದ ಕಿಟಕಿಯನ್ನು ಆರಿಸಿಕೊಳ್ಳಿ. ಕೊತ್ತಂಬರಿಯ ತಾಯಿಬೇರು ನೇರವಾಗಿ ಕೆಳಗಿಳಿಯುವುದರಿಂದ ಸಸಿಯನ್ನು ಕಿತ್ತು ನೆಡುವುದು ಅದಕ್ಕೆ ಒಗ್ಗದು. ಆದುದರಿಂದ ಸುಮಾರು 20 ಸೆಂ.ಮೀ. ಆಳದ, ತಳದಲ್ಲಿ ರಂಧ್ರವಿರುವ ಕುಂಡದಲ್ಲಿ ಹೊಸದಾಗಿಯೇ ಬಿತ್ತುವುದು ಲೇಸು. ಒಂದೊಂದು ಕಾಳಿನಲ್ಲೂ ಎರಡು ಬೀಜಗಳಿರುವ ಕಾರಣ, ಕಾಳನ್ನು ಮೆಲ್ಲಗೆ ಉಜ್ಜಿ ಹೋಳಾಗಿಸಿ, ರಾತ್ರಿಯಿಡೀ ನೆನೆಸಿ, ಒಂದು ಸೆಂ.ಮೀ. ಆಳದಲ್ಲಿ ಬಿತ್ತಿರಿ. ಬೇಸಿಗೆಯ ಸೆಕೆಗೆ ಗಿಡ ಬೇಗನೆ ಹೂವಿಗೆ ಬಂದು ಎಲೆ ಕಡಿಮೆಯಾಗುತ್ತದೆ.

ಉತ್ತರದ ಕಿಟಕಿಯನ್ನು ದಯವಿಟ್ಟು ಖಾಲಿ ಬಿಡಬೇಡಿ, ಪುದೀನ ಅರೆನೆರಳನ್ನು ಚೆನ್ನಾಗಿ ಸಹಿಸುತ್ತದೆ. ಮಾರುಕಟ್ಟೆಯಿಂದ ತಂದ ಕಟ್ಟಿನಲ್ಲಿಯೇ ಗಟ್ಟಿಯಾದ ದಂಟುಗಳನ್ನು ಆರಿಸಿ, ಕೆಳಗಿನ ಎಲೆಗಳನ್ನು ತೆಗೆದು ನೀರಿನಲ್ಲಿಟ್ಟರೆ, ಒಂದೆರಡು ವಾರಗಳಲ್ಲಿ ಬೇರು ಬಿಡುತ್ತವೆ. ಆಗ ಮಣ್ಣಿಗೆ ನೆಡಬಹುದು.